ಹುಲ್ಲಿನ ಕರು

ದೊಡ್ಡವ್ವನ ಎಡಗೈ ಹೆಬ್ಬೆರಳು ಸೊಟ್ಟಗಿತ್ತು. ಹಾಲು ಹಿಂಡುವಾಗ ಎಮ್ಮೆ ಒದ್ದು ಮುರಿದದ್ದು. ನಮ್ಮೂರು ಗೋಗಿಯಲ್ಲಿ ಎಂಥ ಹಟಮಾರಿ ಎಮ್ಮೆಯೂ ಅವಳ ಕೈಗೆ ಹಾಲು ಬಿಡುತ್ತಿತ್ತಂತೆ. ಆದರೆ ನಾನು ಕಂಡಂತೆ ಅವಳು ಒಂದು ಹನಿ ಹಾಲು ಬಾಯಿಗೆ ಹಾಕಿದವಳಲ್ಲ. ಬೆಲ್ಲದ ಕರಿ ಚಹಾ, ರೊಟ್ಟಿ, ಪುಂಡಿಪಲ್ಯ. ಹಬ್ಬದ ಹೋಳಿಗೆಗೂ ತುಪ್ಪ ಬೇಡ.

"ನಮ್ಮ ಮನ್ಯಾಗ ಒಬ್ಬಾಕಿ ಸನ್ಯಾಸಿ ಅದಾಳ್ರಿ" ಎಂದು ದೊಡ್ಡಪ್ಪ ಬಂದವರೆದುರು ನಗೆಯಾಡುತ್ತಿದ್ದ. ಅವಳು ನಗುತ್ತಿರಲಿಲ್ಲ.

ಕಾರಣ ಹೇಳಿದವಳು ನನ್ನವ್ವ. ನಿಜಾಮನ ರಾಜ್ಯ ಮುಗಿಯುವ ಕಾಲದ ಗದ್ದಲದಲ್ಲಿ ಮನೆಯವರೆಲ್ಲ ಗಡಿ ದಾಟಿ ಆಚೆಗೆ ಓಡಿದ್ದರು. ದೊಡ್ಡವ್ವನ ಎಳೆಗೂಸು ಅಲ್ಲಿ ಜ್ವರ ಬಂದು ತೀರಿಕೊಂಡಿತು. ಅದೇ ವಾರ ನಾನು ಹುಟ್ಟಿದೆ, ಅವ್ವನಿಗೆ ಹಾಲಿಲ್ಲ. ದೊಡ್ಡವ್ವ ಕಣ್ಣೊರೆಸಿಕೊಂಡು ನನ್ನನ್ನು ಎದೆಗೆ ಹಾಕಿಕೊಂಡಳಂತೆ.

ಊರಿಗೆ ಮರಳಿದ ಮೇಲೆ ಎಮ್ಮೆ ಈಯಿತು, ಕರು ಸತ್ತಿತು. ಎಲ್ಲರ ಮನೆಯಲ್ಲೂ ಮಾಡುವಂತೆ ದೊಡ್ಡಪ್ಪ ಅದರ ತೊಗಲಿಗೆ ಹುಲ್ಲು ತುಂಬಿಸಿ ಎಮ್ಮೆಯ ಮುಂದೆ ನಿಲ್ಲಿಸಿದ. ಎಮ್ಮೆ ತನ್ನ ಕರುವೆಂದೇ ಅದನ್ನು ನೆಕ್ಕುತ್ತ ಹಾಲು ಬಿಟ್ಟಿತು. ಹಿಂಡುತ್ತಿದ್ದ ದೊಡ್ಡವ್ವ ಚರಿಗೆಯನ್ನು ಅಲ್ಲೇ ಇಟ್ಟು ಎದ್ದಳು. ಆಮೇಲೆ ಹಿಂಡಲೂ ಇಲ್ಲ, ಕುಡಿಯಲೂ ಇಲ್ಲ. ಎಮ್ಮೆಯ ಮೈ ಮಾತ್ರ ಕೊನೆಯವರೆಗೂ ಅವಳೇ ತೊಳೆದಳು.

ದೊಡ್ಡವಳಾದ ಮೇಲೆ ಒಮ್ಮೆ ಕೇಳಿದೆ: "ನಿನ್ನ ಹಾಲು ನಾ ಕುಡದೀನಲ್ಲ ದೊಡ್ಡವ್ವ, ಅದೂ ತಪ್ಪೇನು?"

"ನನ್ನ ಕೂಸು ಸತ್ತದ್ದು ನನಗ ಗೊತ್ತಿತ್ತು ಯವ್ವಾ. ಗೊತ್ತಿದ್ದು ನಿನಗ ಕೊಟ್ಟೆ. ಆಕಿಗೆ, ಆ ಎಮ್ಮಿಗೆ, ಯಾರು ಹೇಳ್ಯಾರ?"



ಚಳಿಗಾಲದ ಒಂದು ಬೆಳಿಗ್ಗೆ ದೊಡ್ಡವ್ವ ತೀರಿಕೊಂಡಳು. ಹೊಲದಲ್ಲೇ ಮಣ್ಣು ಮಾಡಿದೆವು. ಮೂರನೇ ದಿನ ಮಣ್ಣಿನ ಮೇಲೆ ಹಾಲುತುಪ್ಪ ಬಿಡುವುದು ನಮ್ಮ ಪದ್ಧತಿ. ದೊಡ್ಡಪ್ಪ ಹಾಲಿನ ಚರಿಗೆ ಬಗ್ಗಿಸುವಷ್ಟರಲ್ಲಿ ನಾನು ಅವನ ಕೈ ಹಿಡಿದೆ. ಹಣ್ಣಾದ ಮುದುಕ.

"ಬಿಡವಾ. ಇದ್ದಾಗಂತೂ ಕುಡೀಲಿಲ್ಲ. ಈಗರೆ ಹೊಟ್ಟಿ ತುಂಬ ಕುಡೀಲಿ" ಎಂದು ಗಳಗಳ ಅತ್ತ.

ಅದು ಪ್ರೀತಿಯ ಅಳು. ಅದನ್ನು ನಾನು ಹೇಗೆ ತಡೆಯಲಿ? ಕೈ ಬಿಟ್ಟೆ. ಚರಿಗೆ ಬರಿದಾಗುವವರೆಗೂ ಹೊಯ್ದ. ಅವಳ ಹಾಲಿನ ಋಣ ತೀರಿಸಲು ನನಗೆ ಸಿಕ್ಕದ್ದು ಅದೊಂದೇ ಗಳಿಗೆ. ಅದೂ ಕೈತಪ್ಪಿ ಹೋಯಿತು.