ದೇವರಿಲ್ಲದ ಮದುವೆಗೆ ಮೈಕತ್ತೆ

ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡವಾಗಿದೆ ಎಂದು ಮೈಕಿನಲ್ಲಿ ಸಾರುವುದು ಅವಳ ಕೆಲಸ. ಹಾಗಾಗಿ ಮನೆಯವರಿಗೆಲ್ಲ ಅವಳು ಮೈಕತ್ತೆ. ಊರಿನ ಅರ್ಧ ಜನ ಅವಳ ಮುಖ ನೋಡಿಲ್ಲ. ಆದರೂ ಅವಳು ಅಂಗಡಿಯಲ್ಲಿ ಸೋಪು ಕೇಳಿದರೆ ಸಾಕು, ಪಕ್ಕದಲ್ಲಿದ್ದವರು ಬಸ್ಸು ಬಂತೇನೋ ಎಂದು ಕೈಚೀಲ ಎತ್ತಿಕೊಳ್ಳುತ್ತಾರೆ. ಗಂಟಲೊಂದನ್ನು ಬಿಟ್ಟರೆ ತನ್ನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಎಂದು ಅವಳೇ ಹೇಳುತ್ತಿದ್ದಳು. ಆ ಗಂಟಲೇ ಅವಳನ್ನು ಈ ಪೇಚಿಗೆ ಸಿಕ್ಕಿಸಿತು.

ಒಂದು ಸಂಜೆ ಅಣ್ಣನ ಮಗಳು ಬಂದು, "ಅತ್ತೆ, ನಮ್ಮ ಮದುವೆ ನೀನೇ ನಡೆಸಿಕೊಡಬೇಕು," ಅಂದಳು. ಹುಡುಗಿಗೆ ದೇವರಲ್ಲಿ ನಂಬಿಕೆಯಿಲ್ಲ, ಅವಳು ಮೆಚ್ಚಿದ ಹುಡುಗನಿಗೂ ಇಲ್ಲ. ಬೆಳಿಗ್ಗೆ ನೋಂದಣಿ ಕಚೇರಿಯಲ್ಲಿ ಸಹಿ ಹಾಕುವುದು, ಆಮೇಲೆ ಬಸ್ ನೌಕರರ ಸಂಘದ ಹಾಲ್‌ನಲ್ಲಿ ನೆಂಟರ ಮುಂದೆ ನಾಲ್ಕು ಮಾತು, ಊಟ. ಇಷ್ಟೇ ಮದುವೆ.

"ಸಹಿ ಆದ್ಮೇಲೆ ಮುಗೀತಲ್ಲ, ಇನ್ನು ನಾನೇನು ನಡೆಸೋದು?"

"ಸಹಿ ಸರ್ಕಾರಕ್ಕೆ ಅತ್ತೆ. ನಮಗೂ ಒಂದು ಮದುವೆ ಬೇಡ್ವಾ?"

ಈ ಮಾತಿಗೆ ಮೈಕತ್ತೆ ಕರಗಿದಳು. ಅಲ್ಲೇ ಎಡವಿದ್ದು.

ಮದುವೆಯಲ್ಲಿ ಏನೇನು ಇರಬೇಕೆಂಬ ಚರ್ಚೆ ಶುರುವಾಯಿತು. ದೀಪ ಹಚ್ಚೋಣ ಎಂದಳು ಅತ್ತೆ. ಬೇಡ, ಅದು ಪೂಜೆಯ ಹಾಗೆ ಕಾಣುತ್ತೆ. ಗಿಡ ನೆಡಿ. ಬೇಡ, ಮರವನ್ನೂ ಪೂಜಿಸುವವರಿದ್ದಾರೆ. ಉಂಗುರ? ಅದು ಯಾವ ಧರ್ಮದ್ದೆಂದು ವಿಚಾರಿಸಿ ಹೇಳುತ್ತೇವೆ. ಹುಡುಗಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಸೂಕ್ಷ್ಮದರ್ಶಕದಲ್ಲಿ ರೋಗಾಣು ಹುಡುಕುವ ಕಣ್ಣಿನಿಂದಲೇ ಪ್ರತಿಯೊಂದರಲ್ಲೂ ದೇವರನ್ನು ಹುಡುಕುತ್ತಿದ್ದಳು, ಮತ್ತು ಹಿಡಿಯುತ್ತಿದ್ದಳು. ಹುಡುಗನನ್ನು ಕೇಳಿದರೆ, "ಅವಳು ಹೇಳಿದ ಹಾಗೆ ಅತ್ತೆ," ಎಂದು ಹಲ್ಲು ಕಿರಿಯುತ್ತಿದ್ದ. ಕೊನೆಗೆ ಉಳಿದದ್ದು ಎರಡು ಕುರ್ಚಿ, ಒಂದು ಮೈಕು, ಮತ್ತು ಅತ್ತೆ.

ಅತ್ತೆ ಆಡಬೇಕಾದ ಮಾತುಗಳದ್ದು ಇನ್ನೊಂದು ಗೋಳು. "ಶುಭ" ಬೇಡ, "ಪವಿತ್ರ" ಬೇಡ. "ಎಲ್ಲ ಹಿರಿಯರೂ ಆಶೀರ್ವಾದ ಮಾಡಬೇಕು" ಎಂದು ಬರೆದದ್ದನ್ನು ಹುಡುಗಿ ಅಡ್ಡಗೆರೆ ಎಳೆದು ಹೊಡೆದುಹಾಕಿದಳು.

"ಆಶೀರ್ವಾದ ಮಾಡಿದ್ರೆ ನಿನಗೇನು ಕಷ್ಟ?"

"ಅದು ಮೇಲಿಂದ ಬರೋದು ಅಂತ ಅರ್ಥ ಅತ್ತೆ. ನನಗೆ ಮೇಲಿಂದ ಏನೂ ಬೇಡ."

"ದೇವರಾಣೆ, ಇನ್ನು ನನ್ನ ಕೈಲಾಗಲ್ಲ."

"ನೋಡು, ಮತ್ತೆ."

ಮೈಕತ್ತೆಗೆ ತಲೆ ಚಿಟ್ಟು ಹಿಡಿಯಿತು. ಅವಳೇನೂ ಮೂರು ಹೊತ್ತೂ ಕೈಮುಗಿಯುವವಳಲ್ಲ. ಆದರೆ ಬೇಸರವಾದಾಗ, ಸುಸ್ತಾದಾಗ, ಬಸ್ಸು ಕೆಟ್ಟು ನಿಂತಾಗ ಬಾಯಿಗೆ ಬರುವ ಹೆಸರು ಒಂದೇ. ಅದನ್ನೂ ಕಿತ್ತುಕೊಂಡರೆ ಮನುಷ್ಯರು ಬೇಸರ ಪಡುವುದಾದರೂ ಹೇಗೆ?

ಇತ್ತ ಅಣ್ಣನದು ಬೇರೆಯೇ ರಾಗ. ಸಂಘದ ಹಾಲ್‌ನ ಎದುರಿಗೇ ಅವನ ಬೀಗದ ಕೈ ಮಾಡುವ ಅಂಗಡಿ. ಹೆಂಡತಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನೂ ಮಗಳೂ ಒಟ್ಟಿಗೇ ಪ್ರಾರ್ಥಿಸಿದ್ದರು. ಹೆಂಡತಿ ಉಳಿಯಲಿಲ್ಲ. ಅಂದಿನಿಂದ ಅಪ್ಪ ದೇವರನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ, ಮಗಳು ಪೂರ್ತಿ ಬಿಟ್ಟುಬಿಟ್ಟಳು. ಇಬ್ಬರೂ ಅದರ ಬಗ್ಗೆ ಒಂದು ದಿನವೂ ಕೂತು ಮಾತಾಡಲಿಲ್ಲ.

"ಒಂದೇ ಒಂದು ಸಾಲು," ಅಂದ ಅಣ್ಣ. "ದೇವರು ಒಳ್ಳೇದು ಮಾಡ್ಲಿ ಅಂತ ನೀನು ಮೈಕಲ್ಲಿ ಹೇಳು. ನಾನು ಬರ್ತೀನಿ. ಇಲ್ಲಾಂದ್ರೆ ಆ ಹಾಲ್‌ಗೆ ನಾನು ಕಾಲಿಡಲ್ಲ."

ಮಗಳಿಗೆ ಹೇಳಿದರೆ, "ಅಪ್ಪ ಬರ್ಬೇಕು, ಆ ಸಾಲು ಬೇಡ," ಎಂದು ಕಡ್ಡಿ ಮುರಿದಂತೆ ಹೇಳಿದಳು. ಅಡಕತ್ತರಿಯಲ್ಲಿ ಸಿಕ್ಕಿದ ಮೈಕತ್ತೆ ಅಂಗಡಿಗೂ ಲ್ಯಾಬಿಗೂ ತಿರುಗಿ ಚಪ್ಪಲಿ ಸವೆಸಿದಳು. ಒಂದೇ ಅಚ್ಚಿನ ಮೊಂಡುತನ, ಅಪ್ಪನದೂ ಮಗಳದೂ. ಇವರಿಬ್ಬರ ನಡುವೆ ತನಗೇಕೆ ಈ ಪಾಡು ಎಂದು ಅವಳಿಗೆ ಅಳುವೇ ಬಂದಿತ್ತು.

ಮದುವೆಯ ದಿನ ಹಾಲ್ ತುಂಬಿತು. ಮೊದಲ ಸಾಲಿನಲ್ಲಿ ಒಂದು ಕುರ್ಚಿ ಮಾತ್ರ ಖಾಲಿ. ಕಿಟಕಿಯಿಂದ ನೋಡಿದರೆ ಅಣ್ಣನ ಅಂಗಡಿ ತೆರೆದಿತ್ತು. ಗಿರಾಕಿ ಒಬ್ಬನೂ ಇರಲಿಲ್ಲ. ಅಣ್ಣ ಬೀಗದ ಕೈ ಉಜ್ಜುವ ಯಂತ್ರದ ಮುಂದೆ ಸುಮ್ಮನೆ ಕೂತಿದ್ದ, ಇಸ್ತ್ರಿ ಮಾಡಿದ ಹೊಸ ಅಂಗಿ ತೊಟ್ಟು. ಅಂಗಿ ನೋಡಿದ್ದೇ ಮೈಕತ್ತೆಗೆ ಮೈಯೆಲ್ಲ ಉರಿಯಿತು. ಬರುವ ಮನಸ್ಸಿದೆ, ಬರುವುದಿಲ್ಲ. ಎಂಥ ಮನುಷ್ಯ ಇವನು.

ಆ ಸಿಟ್ಟಿನಲ್ಲೇ ಮೈಕು ಕೈಗೆತ್ತಿಕೊಂಡಳು. ಕಂಠಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ಪ್ರಯಾಣಿಕರ ಗಮನಕ್ಕೆ," ಎಂದು ಶುರುಮಾಡಿದಳು.

ಹಾಲ್‌ಗೆ ಹಾಲ್ ನಕ್ಕಿತು. ಹೊರಗೆ ರಸ್ತೆಯಲ್ಲಿ ಇಬ್ಬರು ಹೆಂಗಸರು ನಿಂತು ಬಸ್ಸು ಹುಡುಕಿದರು. ಆಗಲೇ ಅವಳಿಗೆ ಹೊಳೆದದ್ದು: ಮುಷ್ಕರದ ಭಾಷಣ ಬೀದಿಗೆಲ್ಲ ಕೇಳಲೆಂದು ಸಂಘದವರು ಮಾಡಿನ ಮೇಲೆ ಕಟ್ಟಿದ ಲೌಡ್‌ಸ್ಪೀಕರನ್ನು ಯಾರೂ ಬಂದ್ ಮಾಡಿರಲಿಲ್ಲ. ಅಂಗಡಿಯಲ್ಲಿ ಅಣ್ಣ ತಲೆ ಎತ್ತಿದ್ದ.

ಮೈಕತ್ತೆ ಸಾವರಿಸಿಕೊಂಡು, ಹೇಳಬೇಕಾದ್ದನ್ನು ಹೇಳಿ, ಮದುಮಗಳ ಕೈಗೆ ಮೈಕು ಕೊಟ್ಟಳು. ಬಾಳಿನುದ್ದಕ್ಕೂ ಜೊತೆಗಿರುತ್ತೇನೆಂದು ಹುಡುಗಿ ತನ್ನದೇ ಮಾತಲ್ಲಿ ಹೇಳಬೇಕು, ಆಮೇಲೆ ಹುಡುಗ. ಹುಡುಗಿ ಬಾಯಿ ತೆರೆದಳು. ಕಣ್ಣು ಖಾಲಿ ಕುರ್ಚಿಯ ಮೇಲೆ ಹೋಯಿತು. ಮಾತಿನ ಬದಲು ಅಳು ಬಂತು. ನೀರು ಕೊಟ್ಟರು, ಅಳು ನಿಲ್ಲಲಿಲ್ಲ.

ಮೈಕತ್ತೆಗೆ ಸಾಕುಸಾಕಾಗಿತ್ತು. ಮೈಕು ಕಿತ್ತುಕೊಂಡಳು. ನಿಲ್ದಾಣದಲ್ಲಿ ಕಳೆದುಹೋದ ಮಕ್ಕಳ ಮನೆಯವರನ್ನು ಕೂಗುವ ಅದೇ ದನಿಯಲ್ಲಿ ಸಾರಿದಳು: "ಮದುಮಗಳ ತಂದೆ ಎಲ್ಲಿದ್ದರೂ ಕೂಡಲೇ ವೇದಿಕೆಯ ಬಳಿ ಬರಬೇಕು. ಮಗಳು ಅಳುತ್ತಾ ನಿಂತಿದ್ದಾಳೆ. ಬೀಗದಂಗಡಿಯಲ್ಲಿ ಹೊಸ ಅಂಗಿ ಹಾಕಿಕೊಂಡು ಕೂತವರು ದಯವಿಟ್ಟು ಗಮನಿಸಿ."

ಬೀದಿಯ ಜನವೆಲ್ಲ ಅಂಗಡಿಯ ಕಡೆ ತಿರುಗಿತು. ಅಣ್ಣ ಎದ್ದ, ಕೂತ, ಮತ್ತೆ ಎದ್ದ. ರಸ್ತೆ ದಾಟಿ ಹಾಲ್‌ನೊಳಗೆ ಬಂದವನೇ ತಂಗಿಯನ್ನು ತಿನ್ನುವ ಹಾಗೆ ನೋಡಿದ. "ಬೀದೀಲಿ ನನ್ನ ಮಾನ ಹರಾಜು ಹಾಕಿದ್ಯಲ್ಲೇ."

"ಬಂದ್ಯಲ್ಲ. ಸುಮ್ನೆ ಅಲ್ಲಿ ನಿಂತ್ಕೋ."

ಅವನು ಮಗಳ ಮುಂದೆ ನಿಂತ. ಉಗುರಿನ ಸಂದಿಯಲ್ಲಿ ಹಿತ್ತಾಳೆಯ ಪುಡಿ ಇದ್ದ ಅವನ ಎರಡೂ ಕೈಗಳನ್ನು ಮಗಳು ಹಿಡಿದುಕೊಂಡಳು.

"ಅಪ್ಪಾ, ಆಶೀರ್ವಾದ ಮಾಡು," ಅಂದಳು.

ಅಣ್ಣ ಬಾಯಿ ತೆರೆದ. ಇಷ್ಟು ದಿನ ಪಟ್ಟು ಹಿಡಿದಿದ್ದ ಆ ಸಾಲಿನ ಮೊದಲ ಪದವನ್ನು ನುಂಗಿಕೊಂಡು, "ಒಳ್ಳೇದಾಗ್ಲಿ ಮಗಳೇ," ಎಂದಷ್ಟೇ ಹೇಳಿದ.

ಮೈಕತ್ತೆ ಇಬ್ಬರನ್ನೂ ನೋಡಿದಳು. ಹೊಡೆದುಹಾಕಿದ ಪದವನ್ನು ಹೊಡೆದುಹಾಕಿದವಳೇ ಕೇಳುತ್ತಿದ್ದಾಳೆ. ಬೇಕೇ ಬೇಕೆಂದವನು ಬಿಟ್ಟೇ ಬಿಟ್ಟ. ತಾನು ಚಪ್ಪಲಿ ಸವೆಸಿದ್ದು ಇದಕ್ಕೇನಾ? ಅವಳು ಹಣೆ ಚಚ್ಚಿಕೊಂಡಳು.

"ಅಯ್ಯೋ ದೇವರೇ," ಅಂದಳು, ಕೈಯಲ್ಲಿದ್ದ ಮೈಕನ್ನು ಮರೆತು. ಅದು ಹಾಲ್ ದಾಟಿ, ಅಂಗಡಿ ದಾಟಿ, ಬೀದಿಯ ಕೊನೆಯವರೆಗೂ ಕೇಳಿಸಿತು.

ಜನರ ನಗು ನಿಲ್ಲುವವರೆಗೂ ಅಣ್ಣ ಮಗಳ ಕೈ ಬಿಡಲಿಲ್ಲ. "ಹೇಳೇಬಿಟ್ಲಲ್ಲ," ಅಂದ. ಅದನ್ನು ಹೊಡೆದುಹಾಕು ಎಂದು ಮಗಳು ಹೇಳಲಿಲ್ಲ. ಕಣ್ಣೊರೆಸಿಕೊಂಡು ಮೈಕಿಗೆ ಕೈ ಚಾಚಿದಳು.