ಬೀಗರ ಮೇಲೆ ಪೆನಾಲ್ಟಿ

ಬಳ್ಳಾರಿಯಲ್ಲಿ ರೈಲು ಹಳಿಯ ಆಚೆ ಒಂದು ಫುಟ್‌ಬಾಲ್ ತಂಡ, ಈಚೆ ಒಂದು. ಇವೆರಡೂ ಎದುರಾದರೆ ಊರಿನ ಯಾವ ರೆಫ್ರಿಯನ್ನೂ ನಂಬುವುದಿಲ್ಲ. ಹಾಗಾಗಿ ಸಿರುಗುಪ್ಪದ ಡ್ರಿಲ್ ಮಾಸ್ತರನಾದ ನನ್ನನ್ನು ಕರೆಸುತ್ತಿದ್ದರು. ಕಟ್ಟಳೆ ಒಂದೇ: ಆ ದಿನ ರೆಫ್ರಿ ಎರಡೂ ಕಡೆಯವರ ಮನೆಯಲ್ಲಿ ಚಹಾ ಸಹ ಕುಡಿಯಬಾರದು. ಎಂಟು ವರ್ಷ ಬುತ್ತಿ ಕಟ್ಟಿಕೊಂಡೇ ಹೋಗಿದ್ದೆ.

ಕಳೆದ ವರ್ಷ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ಮಗಳು ಬಳ್ಳಾರಿಯ ಹುಡುಗನೊಬ್ಬನನ್ನು ಒಪ್ಪಿದ್ದಳು, ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವರ ಮನೆ ನೋಡಿ ಬರುವುದಷ್ಟೇ ಬಾಕಿ. ಹೇಗೂ ಮ್ಯಾಚಿಗೆ ಹೋಗುತ್ತೇನಲ್ಲ, ಒಂದೇ ಬಸ್ಸಿನಲ್ಲಿ ಎರಡು ಕೆಲಸ ಎಂದು ಬೆಳಿಗ್ಗೆಯೇ ಹೆಂಡತಿಯನ್ನು ಕರೆದುಕೊಂಡು ಹೊರಟೆ. ಮನೆ ಎರಡೂ ತಂಡಕ್ಕೆ ಸೇರದ ಓಣಿಯಲ್ಲಿತ್ತು. ನಿಶ್ಚಿಂತೆಯಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಎರಡು ಸಲ ಹಾಕಿಸಿಕೊಂಡು ತಿಂದೆ. ಕೈ ತೊಳೆಯಲು ಹಿತ್ತಲಿಗೆ ಹೋದರೆ ಹಗ್ಗದ ಮೇಲೆ ಹಳಿಯಾಚೆಯ ತಂಡದ ಹಳದಿ ಅಂಗಿ ಒಣಗುತ್ತಿತ್ತು. ಕಾರ್ಖಾನೆಯ ಗೆಳೆಯರ ಮಾತಿಗೆ ಹುಡುಗ ಆ ವರ್ಷವೇ ತಂಡ ಸೇರಿದ್ದನಂತೆ. ರೆಫ್ರಿ ನಾನೇ ಎಂದು ಅವನಿಗೂ ಗೊತ್ತಿರಲಿಲ್ಲ.

ನಾನು ಹಿಂದೆ ಸರಿದರೆ ಮ್ಯಾಚು ನಿಲ್ಲುತ್ತದೆ, ನಿಂತರೆ ಜಗಳ ಖಂಡಿತ. ಬಾಯಿ ಮುಚ್ಚಿಕೊಂಡು ಮೈದಾನಕ್ಕಿಳಿದೆ. ನಾನೇನು ಧೈರ್ಯವಂತನಲ್ಲ.

ಆಟ ಮುಗಿಯಲು ನಾಲ್ಕು ನಿಮಿಷವಿತ್ತು, ಇಬ್ಬರದೂ ಸೊನ್ನೆ. ಹೀಗೇ ಮುಗಿದುಬಿಡಲಿ ಎಂದು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಆಗಲೇ ಈಚೆಯವರು ಹೊಡೆದ ಚೆಂಡು ಗೋಲ್‌ಕೀಪರನ ಮುಂದೆ ನಿಂತಿದ್ದ ನಮ್ಮ ಹುಡುಗನ ಕೈಗೆ ಬಡಿಯಿತು. ನೋಡಿಲ್ಲ ಅನ್ನಬಹುದಿತ್ತು. ಆದರೆ ಎಂಟು ವರ್ಷದ ರೂಢಿ, ಯೋಚಿಸುವ ಮೊದಲೇ ಸೀಟಿ ಊದಿಬಿಟ್ಟಿದ್ದೆ. ಪೆನಾಲ್ಟಿಯಲ್ಲಿ ಗೋಲಾಗಿ ಅವನ ತಂಡ ಸೋತಿತು. ಗೆರೆಯಾಚೆ ಅವನ ಅಪ್ಪ, ಪಕ್ಕದಲ್ಲಿ ನನ್ನ ಹೆಂಡತಿ, ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

ವಾಪಸು ಬರುವ ಬಸ್ಸು ತೆಕ್ಕಲಕೋಟೆ ದಾಟುವಾಗ ಹೆಂಡತಿ ನನ್ನ ಕಡೆ ತಿರುಗಿದಳು. “ಕಣ್ಣಾಗ ಕಸ ಬಿದ್ದಿತ್ತು ಅನ್ನಾಕ ಬರ್ತಿರಲಿಲ್ಲೇನು ನಿಮಗ?” ಅಂದಳು.

ಮೂರು ದಿನ ಆ ಮನೆಯಿಂದ ಫೋನಿಲ್ಲ. ಹೆಂಡತಿ ನನ್ನ ತಟ್ಟೆಗೆ ತಂಗಳ ರೊಟ್ಟಿಯನ್ನೇ ಹಾಕುತ್ತಿದ್ದಳು. ಮಗಳ ಮುಖ ನೋಡಲಾರದೆ ಶಾಲೆಯಲ್ಲೇ ಹೊತ್ತು ಕಳೆದೆ. ನಾಲ್ಕನೇ ದಿನ ಹುಡುಗನ ಅಪ್ಪ ಫೋನ್ ಮಾಡಿದರು. ಸಿಟ್ಟಾಗಿದ್ದ ತಂಡದವರನ್ನು ಸಮಾಧಾನ ಮಾಡುವುದರಲ್ಲೇ ಅಷ್ಟೂ ದಿನ ಹೋಯಿತಂತೆ.

“ಕೈಗೆ ಬಡಿದದ್ದು ಖರೇ ಅಂತ ನಮ್ಮ ಹುಡುಗನೇ ಒಪ್ಪ್ಯಾನ್ರಿ. ನೀವು ನಮ್ಮ ಬೀಗರು ಅಂತ ತಂಡದವರಿಗೆ ಹೇಳೇನಿ. ಮುಂದಿನ ಸಲ ಕುರುಗೋಡಿನ ಮಾಸ್ತರನ್ನ ಕರಸ್ತಾರಂತ. ನೀವು ಲಗ್ನದ ದಿನ ನೋಡ್ರಿ.”

ಎದೆಯ ಮೇಲಿನ ಕಲ್ಲು ಇಳಿಯಿತು. ಓಡಿ ಹೋಗಿ ಮಗಳಿಗೆ ಹೇಳಿದರೆ ಅವಳು ತಲೆ ತಗ್ಗಿಸಿದಳು.

“ಅವತ್ತ ಸಂಜಿಗೇ ಅವರು ನನ್ನ ಮೊಬೈಲಿಗೆ ಫೋನ್ ಮಾಡಿದ್ರಪ್ಪ, ಏನೂ ಆಗಂಗಿಲ್ಲ ಅಂತ. ನಿಮ್ಮ ಮುಂದ ಹೇಳಾಕ ನಾಚಿಕಿ ಆತು.”

ಬೈಯಲೆಂದು ಬಾಯಿ ತೆರೆದೆ. ಸಿಟ್ಟು ಎಲ್ಲಿಂದ ಬರಬೇಕು, ಮೈಯೆಲ್ಲ ಹಗುರಾಗಿತ್ತು. ಅವ್ವನಿಗೂ ಹೇಳಿಬಿಡವ್ವ, ಇವತ್ತಾದರೂ ನನಗೆ ಬಿಸಿ ರೊಟ್ಟಿ ಹಾಕಲಿ ಎಂದೆ.