ಅಣ್ಣ ಹಚ್ಚಿದ ಕರಿ ಹಾಳಿ

ಹನ್ನೆರಡು ಗಂಟೆ ಮೂವತ್ತೈದು ನಿಮಿಷ. ಅದು ಅಕ್ಕಿಕಾಳಿನ ಮುಹೂರ್ತ. ಲಗ್ನಪತ್ರಿಕೆಯಲ್ಲಿ ಕೆಂಪಕ್ಷರದಲ್ಲಿ ಅಚ್ಚಾಗಿತ್ತು. ಆ ಹೊತ್ತಿಗೆ ಸರಿಯಾಗಿ ರಾಮದುರ್ಗದ ಹಂದರದಲ್ಲಿ ಬಾಜಾದವರು ಒಮ್ಮೆಲೇ ಜೋರು ಹಿಡಿದರು. ಎಲ್ಲರೂ ಕೈಯಲ್ಲಿದ್ದ ಅಕ್ಕಿಕಾಳನ್ನು ಮದುಮಕ್ಕಳ ಕಡೆ ಎಸೆದರು. ನಾನೂ ಎಸೆದೆ. ಕೈ ಇನ್ನೂ ಕೆಳಗೆ ಬಂದಿರಲಿಲ್ಲ, ಮದುಮಗನ ಹಿಂದೆ ಕಳಸ ಹಿಡಿದು ನಿಂತ ಹುಡುಗಿ ನಮ್ಮವಳಲ್ಲ ಎಂಬುದು ಕಣ್ಣಿಗೆ ಬಿತ್ತು.

ಮದುಮಗ ನಮ್ಮ ಕಾಕಾನ ಮಗ. ಅವನ ಹಿಂದೆ ಕಳಸಗಿತ್ತಿಯಾಗಿ ನಿಲ್ಲಬೇಕಾದವಳು ನಮ್ಮಣ್ಣನ ಮಗಳು, ನಾಲ್ಕು ವರ್ಷದ ಕೂಸು. ಅದಕ್ಕೆಂದೇ ಹಸಿರು ರೇಷ್ಮೆಯ ಪರಕಾರ ಹೊಲಿಸಿದ್ದೆವು, ಕೈತುಂಬ ಮದರಂಗಿ ಹಚ್ಚಿದ್ದೆವು. ಅಲ್ಲಿ ನಿಂತವಳು ಕೆಂಪು ಫ್ರಾಕಿನ ಯಾರೋ ಒಬ್ಬಳು. ಕಳಸ ಮಾತ್ರ ನಮ್ಮದೇ.

ಕೆಟ್ಟದ್ದು ಅದಕ್ಕಿಂತ ಮೊದಲೇ ಶುರುವಾಗಿತ್ತು. ನನಗೆ ಅದು ಶುರುವಾದದ್ದು ಆಗ.

ಆ ಬೇಸಿಗೆ ನಾನು ಬಿ.ಎ. ಕಡೆಯ ವರ್ಷದ ಪರೀಕ್ಷೆ ಮುಗಿಸಿದ್ದೆ. ಬೈಲಹೊಂಗಲದಲ್ಲಿ ಅಪ್ಪನದು ಅಡತಿ ಅಂಗಡಿ. ಅಣ್ಣ ಅಪ್ಪನ ಜೊತೆ ಅಂಗಡಿಯಲ್ಲಿ ಕೂರುತ್ತಿದ್ದ. ಆದರೆ ಅವನ ಜೀವವೆಲ್ಲ ಸ್ಕ್ರೂಡ್ರೈವರಿನಲ್ಲಿ. ಹೊಲದ ಪಂಪ್‌ಸೆಟ್ಟು, ಮನೆಯ ವೈರಿಂಗು, ನೆರೆಯವರ ರೇಡಿಯೊ, ಯಾವುದನ್ನೂ ಅವನು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಮಿಸ್ತ್ರಿಯನ್ನು ಕರೆಯುವುದೆಂದರೆ ಅವನಿಗೆ ಸೋತಂತೆ. ಆ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಬಿಳಿ ಕಾರು ತಂದಿದ್ದ. ಮದುಮಗ ಬರುವ ಗಾಡಿ ಅದೇ ಎಂದು ಗೊತ್ತಾದ ಮೇಲೆ ಅದರ ಗಾಜಿಗೆ ಬಿಸಿಲು ತಡೆಯುವ ಕರಿ ಪ್ಲಾಸ್ಟಿಕ್ ಹಾಳಿ ಹಚ್ಚಬೇಕೆಂಬ ಹುಕಿ ಹತ್ತಿತು. ಆಗ ಸಾಹೇಬರ ಗಾಡಿಗಳಿಗೆಲ್ಲ ಅಂಥ ಹಾಳಿ ಇರುತ್ತಿತ್ತು. ದೊಡ್ಡವ್ವನೂ ಹೂಂಗುಟ್ಟಿದಳು. ಬಾಸಿಂಗ ಕಟ್ಟಿದ ಹುಡುಗನಿಗೆ ಹಾದಿಬೀದಿಯ ದೃಷ್ಟಿ ತಾಗಬಾರದು.

ಕಿತ್ತೂರಿನ ಹೈವೇ ಬದಿಗೆ ಈ ಕೆಲಸದ ಒಂದು ಅಂಗಡಿ ಇತ್ತು. ಅಣ್ಣ ಅಲ್ಲಿಗೆ ಹೋದ. ಬೇರೆ ಯಾರದೋ ಗಾಡಿಗೆ ಹಾಳಿ ಹಚ್ಚುವುದನ್ನು ನಿಂತು ನೋಡಿದ. ಹಾಳಿಯ ಸುರುಳಿಯನ್ನಷ್ಟೇ ತಗೊಂಡು ತಿರುಗಿ ಬಂದ.

"ಅಂಗಡ್ಯಾಂವಗ ಕೊಟ್ಟು ಬರೂದು ಬಿಟ್ಟು ಇದೇನ್ ಉದ್ಯೋಗೋ?" ಎಂದರು ಅಪ್ಪ.

"ಅಂವ ಏನ್ ಮಾಡತಾನ ಅಪ್ಪಾ, ನಾ ನೋಡೇನಿ. ನೀರ ಹೊಡಿತಾನ, ಹಾಳಿ ಅಂಟಸ್ತಾನ, ಗೀಸತಾನ. ಅಷ್ಟಕ್ಕ ಒಂದಿನಾ ಗಾಡಿ ಬಿಟ್ಟು ಹೋಗ್ರಿ ಅಂತಾನ."

ಅಣ್ಣನ ಹೆಂಡತಿ, ನಮ್ಮ ವೈನಿ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ನಿಮ್ಮ ಕೈಯಾಗ ಸಿಕ್ಕಿದ್ದು ಯಾವುದು ಉಳದೈತ್ರಿ? ಮಿಕ್ಸರ್ ಬಿಚ್ಚಿದ್ರಿ, ನಾ ಇನ್ನೂ ಒಳಕಲ್ಲಾಗ ರುಬ್ಬಾಕ ಹತ್ತೇನಿ."

ಎಲ್ಲರೂ ನಕ್ಕೆವು. ಅಣ್ಣನೂ ನಕ್ಕ.

ಅಂಗಳದಲ್ಲಿ ಕೆಲಸ ನಡೆಯಿತು. ಬಕೆಟ್ಟಿನಲ್ಲಿ ಶಾಂಪೂ ನೀರು, ದಾಡಿಯ ಬ್ಲೇಡು, ಹಾಳಿಯ ಕೆಳಗಿನ ನೀರು ಗೀಸಲು ನನ್ನ ಪ್ಲಾಸ್ಟಿಕ್ ಪಟ್ಟಿ. ಗಾಳಿ ಎದ್ದು ಧೂಳು ಬಂದು ಕೂತಿತು, ಹಾಳಿಯ ತುಂಬ ಗುಳ್ಳೆಗಳು ಎದ್ದವು. ಎಡಗಡೆಯ ಹಿಂದಿನ ಕಿಟಕಿಗೆ ಬರುವಷ್ಟರಲ್ಲಿ ಹಾಳಿ ಸಾಲಲಿಲ್ಲ. ಕೆಳಗೆ ಒಂದು ಬೆರಳಿನಗಲ ಬಿಳಿ ಗಾಜು ಹಾಗೇ ಉಳಿಯಿತು.

"ಗಾಡೀದು ಪರಕಾರ ಗಿಡ್ಡ ಆತಲ್ರಿ," ಎಂದಳು ವೈನಿ.

"ಯಾರ್ ಬಗ್ಗಿ ನೋಡತಾರ ಬಿಡ," ಎಂದ ಅಣ್ಣ.

ಹಾಳಿ ಒಣಗುವ ತನಕ ಗಾಜು ಇಳಿಸಬೇಡಿ ಎಂದು ಅಂಗಡಿಯವನು ಹೇಳಿದ್ದನಂತೆ. ಮನೆ ತುಂಬ ಲಗ್ನಕ್ಕೆ ಬಂದ ಮಕ್ಕಳು. ಅವು ಕಾರು ಕಂಡರೆ ಮೊದಲು ತಿರುವುವುದೇ ಗಾಜಿನ ಹಿಡಿಕೆಯನ್ನು. ಅದಕ್ಕೆ ಅಣ್ಣ ಹಿಂದಿನ ಎರಡೂ ಬಾಗಿಲಿನ ಹಿಡಿಕೆಗಳನ್ನು ಬಿಚ್ಚಿ ಮುಂದಿನ ಡಬ್ಬಿಯಲ್ಲಿ ಹಾಕಿಟ್ಟ. ಹಾಳಿಯ ಅಂಚು ಒಳಗೆ ಸಿಗಿಸಲು ಬಾಗಿಲಿನ ಒಳಗಿನ ಹೊದಿಕೆಯನ್ನೂ ಬಿಚ್ಚಿದ್ದ. ತಿರುಗಿ ಕೂರಿಸಿದಾಗ ಬಾಗಿಲು ಒಳಗಿನಿಂದ ತೆರೆಯುವುದು ನಿಂತುಹೋಯಿತು. ಹೊರಗಿನಿಂದ ಮಾತ್ರ ತೆರೆಯುತ್ತಿತ್ತು. "ಲಗ್ನ ಮುಗೀಲಿ, ನೋಡೂನು," ಎಂದ. ಮಕ್ಕಳು ಉಗುರಿನಿಂದ ಗುಳ್ಳೆ ಒಡೆಯುತ್ತವೆಂದು ಗಾಡಿ ಇಳಿದ ಕೂಡಲೇ ಕೀಲಿ ಹಾಕುವುದು ರೂಢಿಯಾಯಿತು.

ಲಗ್ನದ ದಿನ ಬೆಳಕು ಹರಿಯುವ ಮುನ್ನ ಹೊರಟು, ಸವದತ್ತಿಯ ಮೇಲೆ ಹಾಯ್ದು ರಾಮದುರ್ಗ ಮುಟ್ಟಿದೆವು. ಹೆಣ್ಣಿನವರು ಹನುಮಪ್ಪನ ಗುಡಿಯಲ್ಲಿ ನಮ್ಮನ್ನು ಎದುರುಗೊಂಡರು. ಅಲ್ಲಿಂದ ಹಂದರದ ತನಕ ಮದುಮಗ ಕಾರಿನಲ್ಲಿ, ಅವನ ಪಕ್ಕಕ್ಕೆ ಕಳಸ ಹಿಡಿದು ನಮ್ಮ ಕೂಸು. ಕಾರು ನಿಂತ ಕೂಡಲೇ ಜನ ಮುತ್ತಿದರು. ತುಳುಕೀತೆಂದು ಯಾರೋ ಮೊದಲು ಕಳಸವನ್ನು ಇಸಕೊಂಡರು. ಆಮೇಲೆ ಮದುಮಗನನ್ನು ಕೈಹಿಡಿದು ಇಳಿಸಿದರು. ನಸುಕಿನಲ್ಲೇ ಎದ್ದಿದ್ದ ಕೂಸು ಅಷ್ಟರಲ್ಲಿ ನಿದ್ದೆ ಹೋಗಿ, ಸೀಟಿನಿಂದ ಜಾರಿ, ಕೆಳಗೆ ಶಾಲುಗಳ ನಡುವೆ ಬಿದ್ದಿತ್ತು. ಗಾಡಿ ಹೊಡೆದು ತಂದಿದ್ದ ಅಣ್ಣ ಹಿಂದೆ ತಿರುಗಿ ನೋಡಿಯೇ ಇಳಿದನಂತೆ. ಸುಳ್ಳಲ್ಲ. ಆದರೆ ಮೇ ತಿಂಗಳ ಬಿಸಿಲಿನಿಂದ ಕಣ್ಣು ತಿರುಗಿಸಿದವನಿಗೆ ಆ ಹಾಳಿಯ ಹಿಂದೆ ಕತ್ತಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕೀಲಿ ಹಾಕಿದ.

ವೇದಿಕೆಯ ಮೇಲೆ ನಡೆದದ್ದನ್ನು ಆಮೇಲೆ ಕೇಳಿದೆ. ಕಳಸಗಿತ್ತಿ ಎಲ್ಲದಾಳವ್ವಾ ಎಂದು ದೊಡ್ಡವ್ವ ಹುಡುಕಿದ್ದಳು. "ಮಕ್ಕೊಂಡಿರಬೇಕ್ರಿ, ಅವರವ್ವನ ಕಡೆ ಇದ್ದೀತು," ಎಂದಿದ್ದರು ಯಾರೋ. "ಮುಹೂರ್ತ ಮೀರತೈತಿ, ಯಾರರೆ ಹುಡಿಗೀ ಕೈಯಾಗ ಕೊಡ್ರಿ," ಎಂದಿದ್ದರು ಇನ್ನೊಬ್ಬರು. ಕೊಟ್ಟರು. ಹೆಂಗಸರ ಸಾಲಿನಲ್ಲಿ ಕೂತ ವೈನಿಗೆ ಜನರ ತಲೆಗಳ ಮೇಲೆ ಕಳಸದ ತೆಂಗಿನಕಾಯಿ ಮಾತ್ರ ಕಾಣುತ್ತಿತ್ತು. ಕಳಸ ಅಲ್ಲಿದ್ದರೆ ಮಗಳೂ ಅಲ್ಲೇ.

ನಾನು ಅವಳ ಭುಜ ಹಿಡಿದು ಕೇಳಿದೆ. "ವೈನಿ, ಕೂಸೆಲ್ಲಿ?"

"ಅಲ್ಲೇ ನಿಂತಾಳಲ್ಲ."

"ಅಕಿ ಅಲ್ಲ."

"ಓದಿ ಓದಿ ಕಣ್ಣ ಹೋದವು ನಿನ್ನವು," ಎಂದು ನಕ್ಕಳು. ಪಕ್ಕದ ಹೆಂಗಸರೂ ನಕ್ಕರು. ಆ ನಗೆಯನ್ನು ವೈನಿ ಮುಂದೆ ಎಂದೂ ತನಗೆ ತಾನೇ ಮಾಫ್ ಮಾಡಲಿಲ್ಲ.

ನಾನು ಅಡುಗೆಯ ಹಂದರಕ್ಕೆ ಓಡಿದೆ. ಬಟ್ಟೆ ಗಂಟು ಇಟ್ಟ ಕೋಣೆ ನೋಡಿದೆ. ಹೊರಗೆ ಬಂದೆ. ಗೋಡೆಯ ಬದಿಗೆ, ನೆರಳೇ ಇಲ್ಲದ ಕಡೆ ನಮ್ಮ ಕಾರು ನಿಂತಿತ್ತು. ಹೆಣ್ಣಿನ ಕಡೆಯ ಹಿರಿಯರೊಬ್ಬರು ಹಿಂದಿನ ಕಿಟಕಿಯ ಕರಿ ಗಾಜಿನಲ್ಲಿ ಮುಖ ನೋಡಿಕೊಂಡು ತಲೆಗೆ ಸುತ್ತಿದ ಪಟಗಾ ಸರಿ ಮಾಡಿಕೊಳ್ಳುತ್ತಿದ್ದರು.

"ನೀನೂ ಮಾರಿ ನೋಡ್ಕೋಬೇಕೇನ್ ತಂಗಿ? ಬಾ, ಭಾರಿ ಕನ್ನಡಿ ಐತಿ."

"ಹಸರ ಪರಕಾರದ ಕೂಸು ಕಂಡ್ರೇನ್ರಿ?"

"ಇಲ್ಲವ್ವಾ. ಇಲ್ಲಿ ಯಾರೂ ಬಂದಿಲ್ಲ."

ಆ ಗಾಜಿನಲ್ಲಿ ನನ್ನ ಮುಖವೂ ಕಂಡಿತು. ಬೆವರಿಗೆ ಕುಂಕುಮ ಇಳಿದಿತ್ತು. ಒರೆಸಿಕೊಳ್ಳಲು ತಲೆ ಬಗ್ಗಿಸಿದೆ. ಕೆಳಗೆ, ಹಾಳಿ ಸಾಲದೆ ಉಳಿದ ಆ ಒಂದು ಬೆರಳಿನಗಲದ ಬಿಳಿ ಗಾಜಿಗೆ ಒತ್ತಿಕೊಂಡು ಮದರಂಗಿ ಹಚ್ಚಿದ ಬೆರಳ ತುದಿಗಳಿದ್ದವು. ಅಲುಗುತ್ತಿರಲಿಲ್ಲ.

ನಾನು ಚೀರಿದ್ದು ಬಾಜಾದಲ್ಲಿ ಮುಳುಗಿಹೋಯಿತು. ಆ ಹಿರಿಯರು ಮಾತ್ರ ಕೇಳಿಸಿಕೊಂಡರು. ಬಾಗಿಲು ಎಳೆದರು, ಬರಲಿಲ್ಲ. ಗೋಡೆಯ ಬುಡದ ಕಲ್ಲು ಎತ್ತಿ ಹೊಡೆದರು. ಗಾಜು ಪುಡಿಯಾಯಿತು, ಆದರೆ ಬೀಳಲಿಲ್ಲ. ಹಾಳಿ ಅದನ್ನು ಕೌದಿಯ ಹಾಗೆ ಹಿಡಿದುಕೊಂಡಿತ್ತು. ಮತ್ತೆ ಹೊಡೆದರು. ಕೌದಿ ಒಳಗೆ ಡುಬ್ಬಾಯಿತು, ಹರಿಯಲಿಲ್ಲ. ಅಣ್ಣ ಧೂಳು ಬಿದ್ದು ಗುಳ್ಳೆ ಎದ್ದ ಹಾಳಿಯನ್ನು ಬೈಯುತ್ತ ಗೀಸಿದ್ದ. ಅದು ಅಷ್ಟು ಗಟ್ಟಿ ಅಂಟಿತ್ತು. ಅವರು ಪಟಗಾ ಬಿಚ್ಚಿ ಕೈಗೆ ಸುತ್ತಿಕೊಂಡು ಅಂಚು ಹಿಡಿದು ಜಗ್ಗಿದರು. ನಾನು ಬರಿಗೈಯಿಂದ ಜಗ್ಗಿದೆ. ಹರಿದ ಸಂದಿಯಿಂದ ಒಲೆಯ ಬಾಯಿ ತೆರೆದಂತೆ ಝಳ ಮುಖಕ್ಕೆ ಬಡಿಯಿತು. ಅವರು ಕೈ ಹಾಕಿ ಕೀಲಿಯ ಗುಂಡಿ ಎತ್ತಿ ಹೊರಗಿನಿಂದ ಬಾಗಿಲು ತೆರೆದರು.

ಕೂಸು ಸುಡುತ್ತಿತ್ತು. ಮೈಯಲ್ಲಿ ಬೆವರಿರಲಿಲ್ಲ. ಕಣ್ಣು ಅರ್ಧ ತೆರೆದಿದ್ದವು, ನೋಡುತ್ತಿರಲಿಲ್ಲ. ಕತ್ತು ನನ್ನ ಮೊಳಕೈ ಮೇಲೆ ಹಿಂದಕ್ಕೆ ಬಿತ್ತು. ಸತ್ತಿದೆ ಎಂದೇ ತಿಳಿದೆ.

ಶರಬತ್ತಿಗೆ ತಂದಿದ್ದ ಬರ್ಫದ ಹಲಗೆಯನ್ನು ಯಾರೋ ಒಡೆದು ಗೋಣಿಚೀಲದಲ್ಲಿ ಸುತ್ತಿ ತಂದರು. ಅಣ್ಣ ಕೀಲಿ ಹಿಡಿದು ಓಡಿಬಂದ. ಎಷ್ಟು ತಿವಿದರೂ ಕೀಲಿ ತೂತಿಗೆ ಹೋಗಲಿಲ್ಲ. ಬೇರೆಯವರು ಗಾಡಿ ಹೊಡೆದರು. ಅದೇ ಕಾರು, ಅದೇ ಹಿಂದಿನ ಸೀಟು. ವೈನಿಯ ತೊಡೆಯ ಮೇಲೆ ಕೂಸು, ನನ್ನ ಕೈಯಲ್ಲಿ ಬರ್ಫ. ಪಟಗಾದ ಹಿರಿಯರು ಹರಿದ ಕಿಟಕಿಯ ಹೊರಗೆ ನಿಂತು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಒಳಗ ಬಡಿಯೂದು ನನಗ ಕೇಳಿಸಿತ್ತವ್ವಾ. ಬಾಜಾದ ಸಪ್ಪಳ ಅಂತ ತಿಳದ್ನಿ."

ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು, ಒದ್ದೆ ಬಟ್ಟೆ ಹೊದಿಸಿ ಗಾಳಿ ಹಾಕಿದರು. ಏನನ್ನೂ ಹೇಳಲಾಗದು ಎಂದರು ಡಾಕ್ಟರು. ಎರಡು ಸಲ ಕೈಕಾಲು ಸೆಟೆದುಕೊಂಡು ಫಿಟ್ಸ್ ಬಂತು. ಆ ಹೊತ್ತಿಗೆ ಹಂದರದಲ್ಲಿ ಊಟದ ಪಂಕ್ತಿ ಎದ್ದು ಇನ್ನೊಂದು ಕೂತಿತ್ತಂತೆ. ಮರುದಿನ ಕೂಸು ಅವ್ವನ ಮುಖ ಗುರುತು ಹಿಡಿಯಿತು. ಬದುಕಿತು.

ಮಾತಾಡಿಸಲು ಬಂದವರೆಲ್ಲ ಒಂದೇ ಮಾತು: "ಅಂಗಡ್ಯಾಗ ಮಾಡಿಸಿದ್ರ ಹಿಂಗ ಆಗತಿರಲಿಲ್ಲ ನೋಡ್ರಿ." ಅಣ್ಣ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಹೌದು, ಅಂಗಡಿಯವನಾದರೆ ಹಿಡಿಕೆ ಬಿಚ್ಚಿಡುತ್ತಿರಲಿಲ್ಲ, ಬಾಗಿಲು ಕೆಡಿಸುತ್ತಿರಲಿಲ್ಲ. ಆದರೆ ಅಂಗಡಿಯವನು ಆ ಬೆರಳಗಲದ ಗಾಜನ್ನೂ ಬಿಡುತ್ತಿರಲಿಲ್ಲ. ಅಂಚಿಗೆ ಅಂಚು ಕೂಡಿಸಿ ನೀಟಾಗಿ ಮುಚ್ಚುತ್ತಿದ್ದ. ನಾನು ಕುಂಕುಮ ಒರೆಸಿಕೊಂಡು ಅಲ್ಲಿಂದ ಹೋಗಿಬಿಡುತ್ತಿದ್ದೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅಣ್ಣನಿಗೆ ಸಮಾಧಾನವಾಗುತ್ತಿತ್ತೋ, ಇನ್ನಷ್ಟು ಕೆಡುತ್ತಿತ್ತೋ ತಿಳಿಯಲಿಲ್ಲ. ಇಂದಿಗೂ ಬಿಸಿಲಲ್ಲಿ ನಿಂತ ಕರಿ ಗಾಜಿನ ಗಾಡಿ ಕಂಡರೆ ಎರಡೂ ಕೈ ಅಡ್ಡ ಹಿಡಿದು ಗಾಜಿಗೆ ಮುಖ ಒತ್ತಿ ಒಳಗೆ ನೋಡುತ್ತೇನೆ. ಎಷ್ಟೋ ಸಲ ಗಾಡಿಯ ಮಾಲೀಕರು ಗದರಿಸಿದ್ದಾರೆ.

ಮನೆಗೆ ಬಂದ ಮೇಲೆ ಕೂಸು ರಾತ್ರಿ ಏಳತೊಡಗಿತು. ಅಳುತ್ತಿರಲಿಲ್ಲ. ಅಂಗೈಯಿಂದ ಗೋಡೆ ಬಡಿಯುತ್ತಿತ್ತು. ಆ ಸಪ್ಪಳಕ್ಕೆ ಮನೆಯವರೆಲ್ಲ ಏಳುತ್ತಿದ್ದೆವು, ಕೆಲವು ರಾತ್ರಿ ಅದು ಏಳುವ ಮೊದಲೇ ಎದ್ದು ಕಾಯುತ್ತಿದ್ದೆವು. ಅಪ್ಪ ಒಳಬಾಗಿಲುಗಳ ಚಿಲಕಗಳನ್ನು ತೆಗೆಸಿದರು. ಮಳೆಗಾಲ ಬರುವ ತನಕ ಅಂಗಳದಲ್ಲಿ ಮಲಗಿದೆವು, ಆಮೇಲೆ ಪಡಸಾಲೆಯಲ್ಲಿ ಬಾಗಿಲು ತೆರೆದಿಟ್ಟು, ಎರಚಲು ಹೊಡೆಸಿಕೊಳ್ಳುತ್ತ. ಅಣ್ಣ ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತೇ ರಾತ್ರಿ ಕಳೆಯುತ್ತಿದ್ದ. ಸ್ಕ್ರೂಡ್ರೈವರು ಮುಟ್ಟುವುದನ್ನು ಬಿಟ್ಟಿದ್ದ. ಬಲ್ಬು ಹೋದರೂ ಬೇರೆಯವರನ್ನು ಕರೆಯಿರಿ ಎನ್ನುತ್ತಿದ್ದ. ಕಾರು ತಾಡಪತ್ರಿಯ ಕೆಳಗೆ ನಿಂತಿತ್ತು.

ಮಳೆ ನಿಂತ ಮೇಲೆ ಒಂದು ದಿನ ಅಪ್ಪ ಹೇಳಿದರು. "ಕಿತ್ತೂರಿಗೆ ಒಯ್ದು ಆ ಹಾಳಿ ತಗಸ್ಕೊಂಡು ಬಾರಪಾ."

"ಬ್ಯಾಡ," ಎಂದ ಅಣ್ಣ. "ನಾ ಹಚ್ಚೇನಿ, ನಾನ ತಗೀತೇನಿ."

ತಾಡಪತ್ರಿ ಎಳೆದ. ಮೊದಲು ಡಬ್ಬಿಯಲ್ಲಿದ್ದ ಹಿಡಿಕೆಗಳನ್ನು ಅವುಗಳ ಜಾಗದಲ್ಲಿ ಕೂರಿಸಿದ. ಬಾಗಿಲು ಬಿಚ್ಚಿ ಸರಿಪಡಿಸಿದ; ತಾನೇ ಒಳಗೆ ಕೂತು ತೆರೆದು ಮುಚ್ಚಿ, ತೆರೆದು ಮುಚ್ಚಿ ನೋಡಿದ. ಒಡೆದ ಕಿಟಕಿಗೆ ಹೊಸ ಗಾಜು ಕೂರಿಸಿದ. ಆಮೇಲೆ ಬಿಸಿನೀರು, ಬ್ಲೇಡು. ಹಾಳಿ ಚೂರುಚೂರಾಗಿ ಬರುತ್ತಿತ್ತು, ಅಂಟು ಗಾಜಿಗೇ ಉಳಿಯುತ್ತಿತ್ತು. ಅವನ ಬೆರಳುಗಳಲ್ಲಿ ರಕ್ತ ಬಂದಿತ್ತು. ಎಲ್ಲ ಬಾಗಿಲೂ ತೆರೆದೇ ಇದ್ದವು.

ಕೂಸು ದೂರದ ಕಟ್ಟೆಯ ಮೇಲೆ ಕೂತು ನೋಡುತ್ತಿತ್ತು. ಲಗ್ನದಿಂದೀಚೆ ಅದು ಕಾರಿನ ಹತ್ತಿರ ಹೋಗಿರಲಿಲ್ಲ. ಹೊತ್ತು ಏರಿದ ಮೇಲೆ ತಾನೇ ಎದ್ದು ಬಂದು ಹಿಂದಿನ ಸೀಟಿಗೆ ಹತ್ತಿತು. ವೈನಿ ಮುಂದೆ ಓಡಿದಳು. ಅಪ್ಪ ಕೈ ಅಡ್ಡ ಹಿಡಿದು ತಡೆದರು. ಕೂಸು ಹಿಡಿಕೆ ಹಿಡಿದು ಎರಡೂ ಕೈಯಿಂದ ತಿರುವಿತು. ಅಣ್ಣ ಗೀಸುತ್ತಿದ್ದ ಗಾಜು ಅವನ ಬ್ಲೇಡಿನ ಕೆಳಗಿಂದ ಜಾರಿ ಇಳಿಯಿತು.

"ತಡಿಯವ್ವಾ, ಕೈ ಐತಿ ನಂದು."

"ಇಳದೈತಿ ನೋಡ," ಎಂದಿತು ಕೂಸು. ತಿರುಗಿ ಏರಿಸಿತು. ಅವನು ಎರಡು ಗೆರೆ ಗೀಸಿದ, ಅದು ಮತ್ತೆ ಇಳಿಸಿತು. ಮಧ್ಯಾಹ್ನದ ತನಕ ಅದೇ ನಡೆಯಿತು. ಕೆಲಸ ಮುಗಿಯಲೇ ಇಲ್ಲ. ಅಣ್ಣ ಗಾಜಿಗೆ ಹಣೆ ಹಚ್ಚಿ ಅತ್ತ. ಕೂಸು ಒಳಗಿನಿಂದ ಅವನನ್ನು ನೋಡಿ ಗಾಜು ಇಳಿಸಿ, "ಯಾಕಪಾ?" ಎಂದಿತು.

ಅಂದು ರಾತ್ರಿ ಗೋಡೆ ಬಡಿಯುವ ಸಪ್ಪಳ ಬರಲಿಲ್ಲ. ನನಗೆ ಎಚ್ಚರವಾದಾಗ ಕಿಟಕಿಯಿಂದ ಹೊದಿಕೆಯ ಮೇಲೆ ಬಿಸಿಲು ಬಿದ್ದಿತ್ತು, ದಿಗಿಲಾಗಿ ಎದ್ದು ಕೂತೆ. ಕೂಸು ಅಂಗೈ ಬಿಚ್ಚಿ ಮಲಗಿತ್ತು, ಉಸಿರಾಡುತ್ತಿತ್ತು. ಅಣ್ಣ ಹೊಸ್ತಿಲ ಪಕ್ಕ ಬರಿನೆಲದ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಬೆರಳುಗಳಿಗೆ ಇನ್ನೂ ಅಂಟು ಮೆತ್ತಿಕೊಂಡಿತ್ತು. ರಾತ್ರಿ ಯಾವಾಗಲೋ ಗಾಳಿಗೆ ಪಡಸಾಲೆಯ ಬಾಗಿಲು ತಾನೇ ಮುಚ್ಚಿಕೊಂಡಿತ್ತು. ಯಾರೂ ಎದ್ದಿರಲಿಲ್ಲ.